ಕ್ಯಾಲೆಂಡರಿನಲ್ಲಿ ವೈನಿಯ ತಾರೀಖು

ತಿಕೋಟಾದ ನಮ್ಮ ಮನೆಯ ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ತೂಗುತ್ತದೆ. ಊರಿನ ಪತ್ತಿನ ಸಂಘದವರು ವರ್ಷಾ ವರ್ಷಾ ಕೊಡುವಂಥದ್ದು. ಅದರ ಮೇಲೆ ಏನೆಲ್ಲ ಬರೆದಿರುತ್ತದೆ ಅಂತ ನೋಡಿದರೆ ನಮ್ಮ ಮನೆ ಹೇಗೆ ನಡೆಯುತ್ತದೆ ಅನ್ನೋದು ಗೊತ್ತಾಗುತ್ತದೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ದ್ರಾಕ್ಷಿಗೆ ಔಷಧ ಹೊಡೆದ ದಿನ, ಸೊಸೈಟಿ ಸಾಲದ ಕಂತು, ಗ್ಯಾಸ್ ಸಿಲಿಂಡರ್ ಬಂದ ದಿನ, ಎಮ್ಮೆ ಈಯುವ ಅಂದಾಜು ತಾರೀಖು, ಅವ್ವನ ಶುಗರ್ ತಪಾಸಣೆ, ನಾನು ಬೆಂಗಳೂರಿನಿಂದ ಬರುವ ದಿನ. ಎಲ್ಲರ ತಾರೀಖೂ ಅಲ್ಲಿರುತ್ತಿತ್ತು. ವೈನಿಯ ತಾರೀಖು ಮಾತ್ರ ಒಂದೂ ಇರುತ್ತಿರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲು ಅವರ ಒಂದು ವರ್ಷ ಹಾಳಾಗಬೇಕಾಯಿತು.

ವೈನಿಯ ತವರುಮನೆ ಬಬಲೇಶ್ವರ. 2016ರಲ್ಲಿ ಪಿಯುಸಿ ಮುಗಿಸಿದರು, ಒಳ್ಳೆಯ ಅಂಕಗಳೇ ಬಂದಿದ್ದವು. ಮರುವರ್ಷ ಅಣ್ಣನ ಜೊತೆ ಮದುವೆ. ಆಮೇಲೆ ತೋಟ, ಒಣದ್ರಾಕ್ಷಿ ಶೆಡ್ಡು, ಮಗ. ವಯಸ್ಸಿನಲ್ಲಿ ನನಗಿಂತ ಮೂರು ವರ್ಷ ಚಿಕ್ಕವರು, ಸಂಬಂಧದಲ್ಲಿ ದೊಡ್ಡವರು. ಹಾಗಾಗಿ ನಾನು ಅವರಿಗೆ ‘ವೈನಿ’, ಅವರು ನನಗೆ ‘ಅಕ್ಕಾರ’.

2024ರ ಮೇ ತಿಂಗಳಲ್ಲಿ ಒಂದು ರಾತ್ರಿ ಫೋನ್ ಮಾಡಿದರು. ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು ಅನ್ನೋ ಸುದ್ದಿ ಆಗಷ್ಟೇ ಬಂದಿತ್ತು.

“ಅಕ್ಕಾರ, ಈ ವರ್ಷ ನಾ ಬಿ.ಎ.ಗೆ ಹೆಸರು ಹಚ್ಚಬೇಕಂತ ಮಾಡೀನ್ರಿ. ಪಿಡಿಒ ಪರೀಕ್ಷೆಗೆ ಡಿಗ್ರಿ ಬೇಕಂತ. ವಯಸ್ಸು ಮೀರೂದ್ರೊಳಗ ಬರೀಬೇಕ್ರಿ.”

“ಅಷ್ಟ ಹೌದಲ್ರಿ ವೈನಿ? ಈಗ ಎಲ್ಲಾ ಆನ್‌ಲೈನ್ ಐತಿ. ಎರಡು ನಿಮಿಷದ ಕೆಲಸ. ನಾ ಮಾಡ್ತೀನಿ ಬಿಡ್ರಿ” ಅಂದೆ.

ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವಳಿಗೆ ಒಂದು ಅರ್ಜಿ ತುಂಬುವುದು ಯಾವ ಲೆಕ್ಕ? ಆಫೀಸಿನಲ್ಲಿ ಒಂದು ಪ್ರಾಜೆಕ್ಟ್ ಮುಗಿಸುವ ಗಡಿಬಿಡಿ ಬೇರೆ ಇತ್ತು. ಕೊನೆಯ ದಿನಾಂಕ ಯಾವುದು ಅಂತ ನೋಡಿಕೊಂಡೆ, ಅದಕ್ಕಿಂತ ನಾಲ್ಕು ದಿನ ಮೊದಲು ಮೊಬೈಲಿನಲ್ಲಿ ಜ್ಞಾಪನೆ ಇಟ್ಟುಕೊಂಡೆ. ಬಹಳ ಜಾಣತನ ಮಾಡಿದೆ ಅಂತಲೇ ಭಾವಿಸಿದ್ದೆ.

ಆ ನಾಲ್ಕು ದಿನಗಳಲ್ಲಿ ಒಂದೊಂದೇ ಗಂಟು ಬಿಚ್ಚತೊಡಗಿತು. ಪಿಯು ಕಾಲೇಜಿನಿಂದ ವರ್ಗಾವಣೆ ಪ್ರಮಾಣಪತ್ರ, ಅಂದರೆ ಟಿ.ಸಿ.ಯನ್ನು ವೈನಿ ತಂದೇ ಇರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಅದು ಬಬಲೇಶ್ವರದಲ್ಲೇ ಉಳಿದಿತ್ತು. ಜಾತಿ-ಆದಾಯ ಪ್ರಮಾಣಪತ್ರ 2016ರದ್ದು; ಅದರ ಆಯುಷ್ಯ ಐದು ವರ್ಷ, ಎಂದೋ ಮುಗಿದಿತ್ತು. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು. ಎಂಟು ವರ್ಷ ಓದು ಬಿಟ್ಟಿದ್ದಕ್ಕೆ ಬಾಂಡ್ ಪೇಪರಿನ ಮೇಲೆ ಅಫಿಡವಿಟ್ ಬೇಕು ಅಂದರು. ವೈನಿ ಮಗನನ್ನು ಅವ್ವನ ಹತ್ತಿರ ಬಿಟ್ಟು ಒಂದು ದಿನ ವಿಜಯಪುರ, ಒಂದು ದಿನ ಬಬಲೇಶ್ವರ ಅಂತ ಓಡಾಡಿದರು. ಒಂದು ಕಡೆ ಸಹಿ ಮಾಡುವವರು ರಜೆ, ಇನ್ನೊಂದು ಕಡೆ ‘ನಾಳೆ ಬರ್ರಿ’. ನಾನು ಬೆಂಗಳೂರಿನಲ್ಲಿ ಮೀಟಿಂಗ್ ನಡುವೆ ಫೋನ್ ಎತ್ತಿ “ಫೋಟೋ ತೆಗೆದು ಕಳಿಸ್ರಿ, ನಾ ಅಪ್‌ಲೋಡ್ ಮಾಡ್ತೀನಿ” ಅನ್ನುತ್ತಿದ್ದೆ. ಕಳಿಸೋದಕ್ಕೆ ಕಾಗದವೇ ಇಲ್ಲದಾಗ ಎಲ್ಲಿಯ ಫೋಟೋ!

ಕೊನೆಯ ದಿನ ದಾಟಿತು. ವಾರ ಕಳೆದು ಕಾಗದ ಕೈಗೆ ಬಂದಾಗ ಕಾಲೇಜಿನಲ್ಲಿ ಪ್ರವೇಶ ಮುಗಿದಿತ್ತು.

“ಇರ್ಲಿ ಬಿಡ್ರಿ ಅಕ್ಕಾರ, ಮುಂದಿನ ವರ್ಷ ನೋಡೂಣು” ಅಂದರು ವೈನಿ. ಫೋನಿನಲ್ಲಿ ಹಿಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬೈದಿದ್ದರೆ ಚಲೋ ಇತ್ತು.

ಆ ರಾತ್ರಿ ನನಗೆ 2013 ನೆನಪಾಯಿತು. ನಾನು ಸಿಇಟಿ ಬರೆದ ವರ್ಷ. ಅಪ್ಪ ಏಳನೇ ಇಯತ್ತೆ ಓದಿದವರು. ಆದರೆ ಜನವರಿಯಿಂದಲೇ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ನನ್ನ ಕಾಗದಗಳನ್ನು ಕೂಡಿಸತೊಡಗಿದ್ದರು. ತಿಳಿದವರನ್ನೆಲ್ಲ ಕೇಳಿ ಕೇಳಿ, ಯಾವುದು ಯಾವಾಗ ಬೇಕು ಅಂತ ಇದೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದರು. ನಾನು ಓದಿದ್ದಷ್ಟೇ. ವಿಜಯಪುರದ ಹಳಕಟ್ಟಿ ಎಂಜಿನಿಯರಿಂಗ್ ಕಾಲೇಜಿಗೆ ಹೆಸರು ಹಚ್ಚುವ ದಿನ ಒಂದು ಕಾಗದವೂ ಕಡಿಮೆ ಬೀಳಲಿಲ್ಲ. ಅದು ನನ್ನ ಜಾಣತನ ಅಂತ ಇಷ್ಟು ವರ್ಷ ತಿಳಿದುಕೊಂಡಿದ್ದೆ. ನನ್ನ ತಾರೀಖುಗಳನ್ನು ಕಾಯಲು ಒಬ್ಬರು ಇದ್ದರು. ವೈನಿಗೆ ಯಾರೂ ಇರಲಿಲ್ಲ. ಅಪ್ಪ ಈಗ ಇಲ್ಲ. ಇದ್ದ ಓದಿದವಳು ನಾನು ‘ಎರಡು ನಿಮಿಷ’ ಅಂದೆ.

ಆ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಕ್ಟೋಬರ್ ಚಾಟ್ನಿ ಮುಗಿದಿತ್ತು. ರಾತ್ರಿ ಊಟವಾದ ಮೇಲೆ ನಡೆದದ್ದನ್ನೆಲ್ಲ ಅಣ್ಣನಿಗೆ ಬಿಡಿಸಿ ಹೇಳಿದೆ. ಅಣ್ಣ ಹೆಚ್ಚು ಮಾತಿನವನಲ್ಲ. ಸುಮ್ಮನೆ ಕೇಳಿ ಒಂದೇ ಮಾತು ಅಂದ:

“ಕಾಯಿ ಮಾಗಿದ ಮ್ಯಾಲೆ ಚಾಟ್ನಿ ಮಾಡಾಕ ಹೋದಂಗ ಆತಲ್ಲ ಇದು.”

ದ್ರಾಕ್ಷಿ ಬೆಳೆಯುವವರಿಗೆ ಇದು ಬೇರೆ ಹೇಳಬೇಕಿಲ್ಲ. ನಮ್ಮ ಕಡೆ ಇಬ್ಬರು ತೋಟದವರು ಸಿಕ್ಕರೆ ಮೊದಲ ಪ್ರಶ್ನೆಯೇ “ಚಾಟ್ನಿ ಆಗಿ ಎಷ್ಟು ದಿನ ಆತು?” ಹೂವು ಯಾವಾಗ, ಕಾಯಿ ಯಾವಾಗ, ಯಾವ ಔಷಧ ಯಾವಾಗ, ಎಲ್ಲಕ್ಕೂ ಅಲ್ಲಿಂದ ದಿನ ಎಣಿಸುತ್ತಾರೆ. ಕೊಯ್ಲು ಯಾವಾಗ ಬರಬೇಕು ಅಂತ ನೋಡಿ ಕತ್ತರಿ ಹಿಡಿಯುತ್ತಾರೆ. ಆಫೀಸಿನಲ್ಲಿ ನಾನೂ ಇದೇ ಲೆಕ್ಕ ಮಾಡುತ್ತೇನೆ, ಕೊನೆಯ ದಿನದಿಂದ ಹಿಂದಕ್ಕೆ ಎಣಿಸುವುದು, ಯಾವ ಕೆಲಸ ಯಾವುದಕ್ಕೆ ಕಾಯಬೇಕು ಅಂತ ಗುರುತಿಸುವುದು. ಅದೇ ಲೆಕ್ಕವನ್ನು ನನ್ನ ಮನೆಯ ಹೆಣ್ಣುಮಗಳ ಓದಿಗೆ ಮಾತ್ರ ಹಾಕಿರಲಿಲ್ಲ.

ಅಂದೇ ಹಾಳೆ ಹಿಡಿದು ಕುಳಿತೆವು. ಆಗ ತಿಳಿದ ಮೊದಲ ಮಾತು: ಪ್ರವೇಶಕ್ಕೆ ‘ಕೊನೆಯ ದಿನ’ ಅನ್ನೋದು ಒಂದೇ ಇರುವುದಿಲ್ಲ. ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ದಿನ ಬೇರೆ, ಕಾಲೇಜಿಗೆ ಹೋಗಿ ಮೂಲ ದಾಖಲೆ ತೋರಿಸಿ ಶುಲ್ಕ ಕಟ್ಟುವ ದಿನ ಬೇರೆ. ದಂಡವಿಲ್ಲದೆ ಕಟ್ಟುವುದಕ್ಕೆ ಒಂದು ದಿನ, ದಂಡ ಸಹಿತ ಕಟ್ಟುವುದಕ್ಕೆ ಇನ್ನೊಂದು. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನ ತಾರೀಖು ಇವೆಲ್ಲದಕ್ಕಿಂತ ಬೇರೆ. ಅದಕ್ಕೆ ಜಾತಿ-ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರ್ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಅಂದರೆ ನಾಡಕಚೇರಿಯ ಕೆಲಸ ಮುಗಿಯದೆ ವಿದ್ಯಾರ್ಥಿವೇತನ ಇಲ್ಲ, ಹೆಸರು ಸರಿಯಾಗದೆ ಯಾವುದೂ ಸಲೀಸಲ್ಲ. ಎಲ್ಲಕ್ಕೂ ಮೊದಲ ಕೊಂಡಿ ಹೆಸರೇ ಆಗಿತ್ತು.

ಆ ಹೆಸರಿನ ಹತ್ತಿರವೇ ಮನೆಯಲ್ಲಿ ಮಾತು ಕಾವೇರಿತು. ಅಂಕಪಟ್ಟಿಯ ಹೆಸರು ಬದಲಿಸುವುದಕ್ಕಿಂತ ಆಧಾರ್ ಹೆಸರನ್ನು ಅಂಕಪಟ್ಟಿಯಂತೆ ಮಾಡುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಮದುವೆಯಾದಾಗ ಒಂದು ಸಲ ಆಗಿಹೋಗಿತ್ತು. ಉಳಿದದ್ದು ಒಂದೇ.

ಅವ್ವ ಮುಖ ಸಿಂಡರಿಸಿದರು. “ಗಂಡನ ಹೆಸರು ತೆಗೆದು ಮತ್ತ ಅಪ್ಪನ ಹೆಸರು ಹಚ್ಚೂದಂದ್ರ ಏನವ್ವಾ? ನೋಡಿದವ್ರು ಏನಂದಾರು?”

ವೈನಿ ತಲೆ ತಗ್ಗಿಸಿ ನಿಂತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಅಣ್ಣ ಅಂದ: “ನಾ ಕಾರ್ಡಿನ್ಯಾಗ ಇಲ್ಲಂದ್ರೂ ಮನ್ಯಾಗ ಇರ್ತೀನಲ್ಲ, ಬಿಡವ್ವ.”

ಅವ್ವನಿಗೂ ನಗು ತಡೆಯಲಾಗಲಿಲ್ಲ. ಪೂರ್ತಿ ಒಪ್ಪಿದರು ಅಂತ ಹೇಳಲಾರೆ, ಆದರೆ ಬೇಡ ಅನ್ನಲಿಲ್ಲ.

ಆಮೇಲೆ ಕ್ಯಾಲೆಂಡರ್ ಕೆಳಗಿಳಿಸಿ ತೋಟದ ಕೆಲಸದ ನಡುವೆ ವೈನಿಯ ಕೆಲಸಗಳಿಗೆ ಜಾಗ ಹುಡುಕಿದೆವು. ಫೆಬ್ರುವರಿ, ಮಾರ್ಚ್ ಕೊಯ್ಲು ಮತ್ತು ಶೆಡ್ಡಿನ ಕಾಲ. ಆಗ ಮನೆಯಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುವುದಿಲ್ಲ. ಏಪ್ರಿಲ್‌ನಲ್ಲಿ ಮತ್ತೆ ಚಾಟ್ನಿ. ಹಾಗಾಗಿ ನವೆಂಬರ್‌ನಲ್ಲಿ ಟಿ.ಸಿ., ಡಿಸೆಂಬರ್‌ನಲ್ಲಿ ಆಧಾರ್, ಸಂಕ್ರಮಣದ ಸಿದ್ಧೇಶ್ವರ ಜಾತ್ರೆ ಮುಗಿದ ಮರುದಿನವೇ ಜಾತಿ-ಆದಾಯಕ್ಕೆ ಅರ್ಜಿ, ಮೇ ತಿಂಗಳಲ್ಲಿ ಅಫಿಡವಿಟ್ ಮತ್ತು ಬ್ಯಾಂಕ್ ಅಂತ ಬರೆದೆವು. ಒಂದೊಂದಕ್ಕೂ ಎರಡು ವಾರ ಹೆಚ್ಚಿಗೆ ಇಟ್ಟೆವು. ಎಲ್ಲದರ ಕೊನೆಗೆ ಇನ್ನೊಂದು ಸಾಲು: ಈ ಸಲವೂ ತಪ್ಪಿದರೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಅಲ್ಲಿ ಜುಲೈ ಮತ್ತು ಜನವರಿ ಅಂತ ವರ್ಷಕ್ಕೆ ಎರಡು ಆವೃತ್ತಿಯಲ್ಲಿ ಪ್ರವೇಶ ಕೊಡುತ್ತಾರೆ. ಕೈಯಲ್ಲಿ ಇನ್ನೊಂದು ದಾರಿ ಇದ್ದರೆ ಧೈರ್ಯ.

ಬರೆಯುವಾಗ ಪೆನ್ನು ನನ್ನ ಕೈಯಲ್ಲಿತ್ತು. ಅರ್ಧಕ್ಕೆ ನಿಲ್ಲಿಸಿ ವೈನಿಗೆ ಕೊಟ್ಟೆ. ‘ನಾ ಮಾಡ್ತೀನಿ ಬಿಡ್ರಿ’ ಅನ್ನುವುದು ಒಂದು ಸಲ ಸಾಕಾಗಿತ್ತು.

2025ರ ಏಪ್ರಿಲ್ 8ಕ್ಕೆ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ಎಂಟು-ಒಂಬತ್ತು ವರ್ಷದ ಹಿಂದೆ ಪಾಸಾದ ವೈನಿಗೂ ಅದೇ ಗಂಟೆ ಬಾರಿಸಿದಂತೆ. ಅವತ್ತಿನಿಂದ ಕಾಲೇಜಿನ ಪ್ರಕಟಣೆ ಕಡೆ ಕಣ್ಣಿಟ್ಟರು. ಅರ್ಜಿ ಕರೆದ ಮೊದಲ ವಾರದಲ್ಲೇ ಫೈಲು ಹಿಡಿದು ವಿಜಯಪುರಕ್ಕೆ ಹೊರಟರು. ಅಥಣಿ ರಸ್ತೆಯಲ್ಲಿ ತೊರವಿ ಬಂದಾಗ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಕಾಣುತ್ತದೆ. 2003ರಲ್ಲಿ ಶುರುವಾದದ್ದು. ಎಷ್ಟು ಸಲ ಅದರ ಮುಂದೆ ಬಸ್ಸಿನಲ್ಲಿ ಹಾದುಹೋದರೂ ಅದು ನನಗಲ್ಲ ಅಂದುಕೊಂಡಿದ್ದೆ ಅಂತ ಆ ದಿನ ಹೇಳಿದರು. ಮಧ್ಯಾಹ್ನ ಅರ್ಜಿ ಅರ್ಧ ತುಂಬಿದಾಗ ಕರೆಂಟ್ ಹೋಯಿತು. ಹಿಂದಿನ ವರ್ಷವಾಗಿದ್ದರೆ ಎದೆ ಒಡೆಯುತ್ತಿತ್ತು. ಈ ಸಲ ಫೋನಿನಲ್ಲಿ ನಗುತ್ತಾ “ಇನ್ನೂ ಬೇಕಾದಷ್ಟು ದಿನ ಅದಾವ್ರಿ, ಚಹಾ ಕುಡದು ಬರ್ತೀನಿ” ಅಂದರು. ಸಂಜೆಯೊಳಗೆ ಕೆಲಸ ಮುಗಿಯಿತು.

ಹೆಸರು ಹಚ್ಚಿದರೆ ಮುಗಿಯಿತು ಅಂತಲೂ ಅಲ್ಲ. ತರಗತಿಗೆ ಶೇ. 75 ಹಾಜರಾತಿ ಬೇಕು. ಬಸ್ಸಿನ ಖರ್ಚಿಲ್ಲ, ಶಕ್ತಿ ಯೋಜನೆ ಇದೆ. ಆದರೆ ಬೆಳಗಿನ ಬಸ್ ಹಿಡಿಯಬೇಕಾದರೆ ಐದಕ್ಕೆ ಏಳಬೇಕು. ಮಗ ಇದೇ ವರ್ಷ ಒಂದನೇ ಇಯತ್ತೆಗೆ ಸೇರಿದ. ತಾಯಿ-ಮಗ ಇಬ್ಬರ ಡಬ್ಬಿ ಒಟ್ಟಿಗೆ ತಯಾರಾಗಬೇಕು. ಅಕ್ಟೋಬರ್‌ನಲ್ಲಿ ಕಿರುಪರೀಕ್ಷೆ ಮತ್ತು ಚಾಟ್ನಿ ಒಂದೇ ವಾರ ಬಂದವು. ಅಣ್ಣ ಹೆಚ್ಚಿಗೆ ಇಬ್ಬರು ಆಳು ಹಚ್ಚಿಕೊಂಡ. ಆ ಪಗಾರಕ್ಕೆ ಅವ್ವ ಎರಡು ದಿನ ಗೊಣಗಿದರು. ಮೂರನೇ ದಿನ ಮಾತ್ರ, ವೈನಿ ಓದುತ್ತಿದ್ದ ಕೋಣೆಯ ಬಾಗಿಲನ್ನು ಮೊಮ್ಮಗ ತಳ್ಳಲು ಹೋದಾಗ, “ಏ, ನಿಮ್ಮವ್ವ ಪರೀಕ್ಷೆ ಬರಿಯೂದೈತಿ, ಹೊರಗ ಆಡು ಹೋಗು” ಅಂದರಂತೆ. ಇನ್ನು ಫೆಬ್ರುವರಿ ಬರಲಿದೆ, ಕೊಯ್ಲು ಬರಲಿದೆ. ಹಾಜರಾತಿ ಹೇಗೆ ತೂಗಿಸುವುದು ಅಂತ ಮನೆಯಲ್ಲಿ ಇನ್ನೂ ಮಾತು ನಡೆದೇ ಇದೆ.

ನಿಮ್ಮ ಮನೆಯಲ್ಲೂ ಓದು ಅರ್ಧಕ್ಕೆ ಬಿಟ್ಟ ಅತ್ತಿಗೆ, ನಾದಿನಿ, ತಂಗಿ ಇರಬಹುದು. ‘ಓದ್ರಿ’ ಅಂತ ಹೇಳುವುದರ ಜೊತೆಗೆ ಒಮ್ಮೆ ಕೂತು ಅವರ ಟಿ.ಸಿ. ಎಲ್ಲಿದೆ, ಪ್ರಮಾಣಪತ್ರ ಯಾವ ವರ್ಷದ್ದು, ಎಲ್ಲ ಕಾಗದದಲ್ಲೂ ಹೆಸರು ಒಂದೇ ಇದೆಯೇ ಅಂತ ನೋಡಿ. ಇದನ್ನು ಜೂನ್‌ನಲ್ಲಿ ನೋಡಿದರೆ ತಡ; ಈಗಲೇ ನೋಡಿ.

ಮೊನ್ನೆ ಪತ್ತಿನ ಸಂಘದ ಹೊಸ ಕ್ಯಾಲೆಂಡರ್ ಬಂದಿತಂತೆ. ವೈನಿ ಫೋಟೋ ಕಳಿಸಿದ್ದರು. ಚಾಟ್ನಿ, ಕಂತು, ಅವ್ವನ ತಪಾಸಣೆ ಎಲ್ಲ ನೀಲಿಯಲ್ಲಿ. ಪರೀಕ್ಷೆ ಶುಲ್ಕ, ಸೆಮಿಸ್ಟರ್ ಪರೀಕ್ಷೆ, ಎಸ್‌ಎಸ್‌ಪಿ ಕೆಂಪಿನಲ್ಲಿ. ಕೆಳಗೆ ಒಂದು ಸಂದೇಶ:

“ಅಕ್ಕಾರ, ನಿಮ್ಮ ಮದುವಿಗೆ ಮೇ ತಿಂಗಳು ಖಾಲಿ ಬಿಟ್ಟೀನ್ರಿ. ಪರೀಕ್ಷೆ ಇದ್ದಾಗ ಮಾತ್ರ ಹಿಡೀಬ್ಯಾಡ್ರಿ, ನಾ ಬರಾಂಗಿಲ್ಲ.”