ಅಂಗಳವಿಲ್ಲದ ಜಗುಲಿ

ಅರಬೈಲ್ ಘಟ್ಟದ ಕಡೆಗೆ ಫೇಸ್‌ಬುಕ್ ಬಂದಾಗ, ಇನ್ನು ಪ್ರಪಂಚವೇ ನಮ್ಮ ಜಗುಲಿಗೆ ಬಂತು ಎಂದು ಹಿಗ್ಗಿದೆವು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದೇ ಬ್ರೆಜಿಲ್ಲಿನವನೊಬ್ಬ ಗೆಳೆಯನಾದಾನು ಎಂಬ ಆಸೆಯಿಂದ. ಸಿಕ್ಕವರು ಯಾರು? ಯಲ್ಲಾಪುರದ ಭಟ್ಟರು, ಸಿದ್ದಾಪುರದ ಹೆಗಡೆಯವರು, ಬೆಂಗಳೂರು ಸೇರಿದ ಅವರ ಮಕ್ಕಳು, ಅಮೆರಿಕ ಸೇರಿದ ಮೊಮ್ಮಕ್ಕಳು. ಖಂಡ ಬದಲಾಯಿತು, ಗೋತ್ರ ಬದಲಾಗಲಿಲ್ಲ. ಎಲ್ಲರೂ ಕಳಿಸುವುದು ಚಾಲಿ ಅಡಿಕೆಯ ದರ, ಯಕ್ಷಗಾನದ ತುಣುಕು, ಅಪ್ಪೆಮಿಡಿಯ ಭರಣಿ. 2021ರ ಜುಲೈ ಮಳೆಗೆ ಘಟ್ಟ ಕುಸಿದು ಹೆದ್ದಾರಿ ಮುಚ್ಚಿದಾಗಲೂ ಒಂದೇ ಫೋಟೋ ಎಲ್ಲ ವಾಟ್ಸಾಪ್ ಗುಂಪುಗಳಿಂದ ಬಂತು.

ಪಾಪ, ಫೇಸ್‌ಬುಕ್ಕಾದರೂ ಏನು ಮಾಡೀತು? ಗುರುತಿನವರ ಗುರುತಿನವರನ್ನೇ ಅದು ಹೆಕ್ಕಿ ತೋರಿಸುವುದು. ಜನ ತಮ್ಮಂಥವರನ್ನೇ ಗೆಳೆಯರಾಗಿ ಆರಿಸಿಕೊಳ್ಳುವ ಚಾಳಿಯ ಬಗ್ಗೆ ಸಮಾಜಶಾಸ್ತ್ರಜ್ಞರಾದ ಲಾಜರ್ಸ್‌ಫೆಲ್ಡ್ ಮತ್ತು ಮರ್ಟನ್ 1954ರಲ್ಲೇ ಬರೆದಿದ್ದರು. ಆಗ ಆರಿಸಲು ಕಾಲು ಸವೆಸಬೇಕಿತ್ತು. ಈಗ ಹೆಬ್ಬೆರಳು ಸಾಕು.

ಘಟ್ಟದ ರಸ್ತೆ ಮಾತ್ರ ಆರಿಸುವ ಅವಕಾಶವನ್ನೇ ಕೊಡುತ್ತಿರಲಿಲ್ಲ. ತಿರುವಿನಲ್ಲಿ ಲಾರಿ ಅಡ್ಡ ನಿಂತಿತೋ, ಬಸ್ಸಿನವರೆಲ್ಲ ಕೆಳಗೆ. ಅಂಕೋಲೆಯ ಮೀನಿನ ಬುಟ್ಟಿಯವಳು, ಹುಬ್ಬಳ್ಳಿಗೆ ಹೊರಟ ವಕೀಲ, ಹಾಲಿನ ಕ್ಯಾನಿನ ಗೌಳಿ, ಬೇಲೆಕೇರಿ ಬಂದರಿಗೆ ಅದಿರು ಹೊತ್ತ ಹೊಸಪೇಟೆ ಲಾರಿಯ ಡ್ರೈವರ್, ಎಲ್ಲರಿಗೂ ಒಂದೇ ಕವಳದ ಸಂಚಿ. ಸುಣ್ಣ ಕೇಳಿದವನ ಜಾತಿ ತಿಳಿಯುವಷ್ಟರಲ್ಲಿ ಅವನ ಮಗಳ ಮದುವೆಯ ಸಾಲದ ಲೆಕ್ಕ ತಿಳಿದಿರುತ್ತಿತ್ತು.

ಹಾಗೆಂದು ಆಗ ಸಮಾನತೆ ತುಂಬಿ ತುಳುಕುತ್ತಿತ್ತು ಎಂದಲ್ಲ. ಜಗುಲಿಗೆ ಯಾರು, ಅಂಗಳಕ್ಕೆ ಯಾರು ಎಂಬುದು ಮಕ್ಕಳಿಗೂ ಗೊತ್ತಿತ್ತು. ಆದರೂ ಜಗುಲಿಯ ಜಗಳ ಅಂಗಳಕ್ಕೆ ಕೇಳುತ್ತಿತ್ತು; ಅಂಗಳದ ನಗು ಜಗುಲಿಗೆ ಏರುತ್ತಿತ್ತು. ಫೋನಿನ ಜಗುಲಿಗೆ ಅಂಗಳವೇ ಇಲ್ಲ.

ಆಫ್ರಿಕ ಮೂಲದ ಸಿದ್ದಿಗಳು ತಲೆತಲಾಂತರದಿಂದ ನಮ್ಮ ಸೀಮೆಯವರೇ. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಬ್ರೆಜಿಲ್ಲಿನವನಿಗಾಗಿ ಗುಡ್ಡ ಹತ್ತಿದ ನಮಗೆ ಗುಡ್ಡದಾಚೆಯ ಸಿದ್ದಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಲು ಹೊಳೆಯಲಿಲ್ಲ. ಅವನ ನಂಬರ್ ಇಲ್ಲವೆಂದಲ್ಲ. ಊರಿನ ಎಲ್ಲ ಫೋನಿನಲ್ಲೂ ‘ಕೊನೆ ಕೊಯ್ಲು’ ಎಂಬ ಹೆಸರಿನಲ್ಲಿ ಭದ್ರವಾಗಿದೆ. ಅವನ ಫೋನಿನಲ್ಲಿ ನಮ್ಮ ಹೆಸರೇನೋ! ಕೇಳಲು ಯಾರಿಗೂ ಧೈರ್ಯವಿಲ್ಲ. ‘ಬಾಕಿ ಒಡೆಯರು’ ಎಂದಿದ್ದರೂ ಇದ್ದೀತು.