ನಮ್ಮ ಹೊಲದ ನೀಲಗಿರಿ

ನಮ್ಮದು ಕೋಲಾರ ಜಿಲ್ಲೆ. 1980ರ ದಶಕದಲ್ಲಿ ಇಲ್ಲಿ ಬಹಳ ಜನ ರಾಗಿ ಹೊಲಕ್ಕೆ ನೀಲಗಿರಿ ಹಾಕಿದರು. ನಮ್ಮ ತಾತನೂ ಅರ್ಧ ಹೊಲಕ್ಕೆ ಹಾಕಿದರು. ಉಳುವ ಕೆಲಸವಿಲ್ಲ, ದನವೂ ಬಾಯಿ ಹಾಕಲ್ಲ. ಆದರೆ ತೋಪಿನ ಪಕ್ಕದ ರಾಗಿ ನನ್ನ ಮೊಣಕಾಲಿಗೂ ಬರಲ್ಲ. ನೀಲಗಿರಿ ಬೇರು 8 ಮೀಟರಿಗಿಂತಲೂ ಆಳಕ್ಕೆ ಇಳಿದು, ಮಣ್ಣಿನಲ್ಲಿರುವ ನೀರನ್ನೆಲ್ಲ ಹೀರುತ್ತದೆ ಎಂದು ವಿಜ್ಞಾನದ ಮೇಷ್ಟ್ರು ಹೇಳಿದರು. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದೆಂದು ಆದೇಶ ಮಾಡಿತು. ಸರಿ, ನೆಟ್ಟಿರೋದು?

ಹೋದ ವರ್ಷ ಅಕ್ಕನ ಮದುವೆಗೆ ಅಪ್ಪ ಮರ ಕಡಿಸಿ ಮಾರಿದರು. ಬುಡ ಕೀಳಿಸಲಿಲ್ಲ, ಜೆಸಿಬಿಗೆ ದುಡ್ಡೆಲ್ಲಿ? ಈಗ ಮತ್ತೆ ಚಿಗುರಿದೆ. ಅಜ್ಜಿ, "ಕಿತ್ತು ರಾಗಿ ಹಾಕ್ರೋ" ಅಂತಾರೆ. ಅಪ್ಪ, "ಇದು ನಿನ್ನ ಕಾಲೇಜಿಗೆ ಕಣೋ" ಅಂತಾರೆ. ನಾನು ದಿನಾ ರಾಗಿ ಪಕ್ಕದ ಬುಡಗಳ ಚಿಗುರು ಮುರೀತಿದ್ದೀನಿ. ಅಪ್ಪನಿಗೆ ಇನ್ನೂ ಗೊತ್ತಿಲ್ಲ.