ಹಸೆಹಾಡಿನ ತಟ್ಟೆ

ನಮ್ಮ ಮಾತೃಶ್ರೀಯವರು ಹಾಡುತ್ತಿದ್ದ ಹಸೆಹಾಡೊಂದು ನಮ್ಮ ಮನೆಯಲ್ಲಿ ಎರಡು ತುಂಡಾಗಿ ಉಳಿದಿತ್ತು. ಸಾಹಿತ್ಯವು ಅವರ ಕೈಬರಹದ ಪುಸ್ತಕದಲ್ಲಿಯೂ, ಧಾಟಿಯು ಒಂದು ಡೀವೀಡಿ ತಟ್ಟೆಯಲ್ಲಿಯೂ ಇದ್ದುವು. ೨೦೦೬ನೆಯ ಇಸವಿಯಲ್ಲಿ ನಮ್ಮ ಅಕ್ಕನ ಮಗಳ ವಿವಾಹವು ನಡೆದಾಗ ನಮ್ಮ ತಮ್ಮನು ತನ್ನ ಕ್ಯಾಮೆರಾದಿಂದ ಚಿತ್ರವನ್ನು ತೆಗೆದು, ಮನೆಯ ಕಂಪ್ಯೂಟರಿನಲ್ಲಿಯೇ ತಟ್ಟೆಗಿಳಿಸಿ, ಮೇಲುಗಡೆ ವಧೂವರರ ಭಾವಚಿತ್ರವಿರುವ ಕಾಗದವನ್ನೂ ಅಂಟಿಸಿ ನಮಗೆ ಕೊಟ್ಟಿದ್ದನು. ಮೂಲದ ಟೇಪಿನ ಮೇಲೆ ಮರುವರ್ಷವೇ ಒಂದು ನಾಮಕರಣವು ಮುದ್ರಿತವಾಗಿ ಹೋಯಿತು. ಮಾತೃಶ್ರೀಯವರು ೨೦೧೩ರಲ್ಲಿ ದೈವಾಧೀನರಾದರು.

ಈಗ ನಮ್ಮ ಹಿರಿಯ ಮಗಳ ವಿವಾಹವು ನಿಶ್ಚಯವಾಗಿದೆ. "ಅಪ್ಪಾ, ಅಕ್ಕನನ್ನು ಹಸೆಗೆ ಕರೆಯುವಾಗ ಅಜ್ಜಿಯ ಹಾಡನ್ನೇ ಹಾಡುತ್ತೇನೆ, ಧಾಟಿ ತೋರಿಸಿ" ಎಂದು ಕಿರಿಯವಳು ಕೇಳಿದಳು. ತೋರಿಸುವವರಾರು? ನಮ್ಮ ಗೃಹಿಣಿಗೆ ಮೊದಲ ಸಾಲು ಬರುತ್ತದೆ. ಎರಡನೆಯದರಲ್ಲಿ ಅದು ತಾನಾಗಿ ಬೇರೊಂದು ಆರತಿಯ ಹಾಡಿಗೆ ಜಾರುತ್ತದೆ. ಅಕ್ಕನಿಗೆ ಪಲ್ಲವಿಯಿಂದಾಚೆಗೆ ನೆನಪಿಲ್ಲ. ಬರಿಯ ಅಕ್ಷರದಿಂದ ಸ್ವರವು ಬಾರದೆಂಬುದನ್ನು ಮೂವತ್ತು ವರ್ಷ ಹುಡುಗರಿಗೆ ಶ್ಲೋಕಗಳನ್ನು ಬಾಯಿಪಾಠ ಮಾಡಿಸಿದ ನಾವು ಅರಿಯದವರಲ್ಲ. ಆದರೂ ತಾಯಿಯವರು ಪಕ್ಕದ ಕೋಣೆಯಲ್ಲಿ ಹಾಡುತ್ತಿದ್ದಷ್ಟು ಕಾಲವೂ ನಾವು ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು.

ತಟ್ಟೆಯನ್ನು ಹುಡುಕಿ ತೆಗೆದು ಪ್ಲೇಯರಿನೊಳಗೆ ಇಟ್ಟೆವು. ಅದು ಸ್ವಲ್ಪ ಹೊತ್ತು ಗಿರ್ರನೆ ತಿರುಗಿಸಿ ನೋಡಿ, ತಟ್ಟೆಯೇ ಇಲ್ಲವೆಂದು ಟೀವಿಯ ಮೇಲೆ ಬರೆದು ತೋರಿಸಿತು. ಹೊಟ್ಟೆಯೊಳಗಿರುವ ವಸ್ತುವನ್ನೇ ಇಲ್ಲವೆನ್ನುವ ಇಂತಹ ಶೂನ್ಯವಾದಿಯನ್ನು ನಾವು ಗ್ರಂಥಗಳಲ್ಲಿ ಮಾತ್ರ ಕಂಡಿದ್ದೆವು. ಹೊರತೆಗೆದು, ಬಾಯಿಂದ ಉಸಿರನ್ನೂದಿ, ಉತ್ತರೀಯದ ಚುಂಗಿನಿಂದ ಸುತ್ತಲೂ ಚೆನ್ನಾಗಿ ಉಜ್ಜಿದೆವು. ಫಲವು ಶೂನ್ಯ.

ತಮ್ಮನ ಮಗನು ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು ನಾವು ಉಜ್ಜಿದ ಬಗೆಯನ್ನು ಕೇಳಿ, "ದೊಡ್ಡಪ್ಪಾ, ಇನ್ನು ಮೇಲೆ ಅದನ್ನು ಮುಟ್ಟಬೇಡಿ" ಎಂದನು. ತಟ್ಟೆಯೊಳಗಿನ ಬರಹವು ಚಕ್ಕುಲಿಯ ಎಳೆಯಂತೆ ನಡುವಿನಿಂದ ಹೊರಟು ಸುತ್ತಿಕೊಳ್ಳುತ್ತ ಅಂಚಿಗೆ ಹೋಗುತ್ತದೆಯಂತೆ. ಸುತ್ತಾಗಿ ಉಜ್ಜಿದರೆ ಬೀಳುವ ಗೀರು ಆ ಎಳೆಯ ಉದ್ದಕ್ಕೂ ಬಿದ್ದು ಒಂದೇ ಕಡೆ ಬಹಳ ಬರಹವನ್ನು ಮರೆಮಾಡುತ್ತದೆ. ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿದರೆ, ಗೀರು ಬಿದ್ದರೂ ಪ್ರತಿ ಸುತ್ತಿನಲ್ಲಿ ಎಳ್ಳಷ್ಟು ಮಾತ್ರ ಕೆಡುತ್ತದೆ; ಅಷ್ಟನ್ನು ಯಂತ್ರವು ಉಳಿದುದರ ಲೆಕ್ಕದಿಂದ ತಾನೇ ತುಂಬಿಕೊಳ್ಳಬಲ್ಲದು. ಮೆತ್ತನೆಯ ಬಟ್ಟೆಗೆ ತುಸು ನೀರು ಸೋಕಿಸಿ ಅವನು ಹಾಗೆಯೇ ಒರೆಸಿದನು. ನಾವು ಉತ್ತರೀಯವನ್ನು ಹೆಗಲ ಮೇಲೆ ಸರಿಪಡಿಸಿಕೊಂಡು ಸುಮ್ಮನಿದ್ದೆವು.

ಬಳಿಕ ಅವನು ಮಾಡಿದ ಪರೀಕ್ಷೆಯು ನಮಗೆ ಬಹಳ ಹಿಡಿಸಿತು. ಅಂಗಡಿಯಿಂದ ಕೊಂಡ ಒಂದು ಚಲಚ್ಚಿತ್ರದ ತಟ್ಟೆಯನ್ನು ಹಾಕಿದನು, ಸೊಗಸಾಗಿ ಆಡಿತು. ಮನೆಯಲ್ಲಿಯೇ ಬರೆದ ಬೇರೊಂದು ತಟ್ಟೆಯನ್ನು ಹಾಕಿದನು. ಅದಕ್ಕೂ ಇಲ್ಲವೆಂಬುದೇ ಉತ್ತರ. ಹಾಗಾದರೆ ದೋಷವು ನಮ್ಮ ತಟ್ಟೆಯೊಂದರಲ್ಲಿಯೇ ಇಲ್ಲ, ಪ್ಲೇಯರಿನ ಕಣ್ಣಿನಲ್ಲಿಯೂ ಉಂಟು. ಕಾರ್ಖಾನೆಯ ತಟ್ಟೆಯಲ್ಲಿ ಅಚ್ಚೊತ್ತಿದ ಸೂಕ್ಷ್ಮವಾದ ಕುಳಿಗಳಿದ್ದು, ಅವುಗಳ ಮೇಲೆ ಅಲ್ಯೂಮಿನಿಯಮಿನ ಲೇಪವಿರುತ್ತದೆ. ಮನೆಯ ತಟ್ಟೆಯಲ್ಲಾದರೋ ಕುಳಿಗಳಿಲ್ಲ. ಒಂದು ಬಣ್ಣದ ಪದರವನ್ನು ಲೇಸರಿನ ಶಾಖದಿಂದ ಅಲ್ಲಲ್ಲಿ ಕೆಡಿಸಿ ಗುರುತು ಮಾಡಿರುತ್ತಾರೆ. ಓದುವುದು ೬೫೦ ನ್ಯಾನೋಮೀಟರಿನ ಕೆಂಪು ಬೆಳಕು. ಮನೆಯ ತಟ್ಟೆಯಿಂದ ಅದು ಸ್ವಲ್ಪ ಮಂದವಾಗಿ ಹಿಂದಿರುಗುವುದರಿಂದ, ವಯಸ್ಸಾಗಿ ಧೂಳು ಕವಿದ ಯಂತ್ರದ ಕಣ್ಣಿಗೆ ಮೊದಲು ಮಸುಕಾಗುವುದೂ ಅದೇ. ಅರುವತ್ತು ದಾಟಿದ ಕಣ್ಣಿಗೆ ಅಚ್ಚಿನ ಪುಸ್ತಕವು ಓದಲು ಬಂದು ಪೆನ್ಸಿಲಿನ ಬರಹವು ಬಾರದಿರುವುದನ್ನು ನಾವು ನಿತ್ಯವೂ ಅನುಭವಿಸುತ್ತಿದ್ದೇವೆ.

ಇಲ್ಲಿ ಹಳೆಯ ದುಃಖವೊಂದನ್ನು ಹೇಳಬೇಕು. ೨೦೦೬ರಲ್ಲಿಯೇ ಈ ತಟ್ಟೆಯ ಪ್ರತಿಯೊಂದು ಅಮೆರಿಕೆಯಲ್ಲಿರುವ ನಮ್ಮ ಭಾವಮೈದುನನಿಗೆ ಹೋಗಿತ್ತು. ಅವನ ಪ್ಲೇಯರು ಅದನ್ನು ಆಡಿಸಲಿಲ್ಲ. ಡೀವೀಡಿಗಳಿಗೆ ದೇಶವಿಭಾಗದ ಸಂಖ್ಯೆಯುಂಟು, ಅಮೆರಿಕೆಗೆ ೧, ನಮಗೆ ೫. ಅದರಿಂದಲೇ ಹೀಗಾಯಿತೆಂದು ಎಲ್ಲರೂ ನಂಬಿದೆವು. ವಾಸ್ತವದಲ್ಲಿ ಮನೆಯಲ್ಲಿ ಮಾಡಿದ ತಟ್ಟೆಗೆ ಸಾಮಾನ್ಯವಾಗಿ ಆ ಬೀಗವೇ ಇರುವುದಿಲ್ಲ. ನಮ್ಮ ಟೀವಿಯ ಪದ್ಧತಿಯು ಪಾಲ್, ಕ್ಷಣಕ್ಕೆ ೨೫ ಚಿತ್ರ. ಅವರದು ಎನ್‌ಟಿಎಸ್‌ಸಿ, ಹೆಚ್ಚುಕಡಿಮೆ ೩೦. ಅಲ್ಲಿಯ ಅನೇಕ ಪ್ಲೇಯರುಗಳಿಗೆ ನಮ್ಮದು ಅರ್ಥವಾಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿಟ್ಟಿದ್ದರೆ ಆಡುತ್ತಿತ್ತು. ಯಾರೂ ಇಡಲಿಲ್ಲ. ಮನೆ ಬದಲಾಯಿಸುವಾಗ, ಆಡದ ತಟ್ಟೆಯೆಂದು ಅದನ್ನು ಕಸಕ್ಕೆ ಹಾಕಿದರಂತೆ. ಉಳಿದದ್ದು ನಮ್ಮದೊಂದೇ.

ಹುಡುಗನು ತನ್ನ ಲ್ಯಾಪ್‌ಟಾಪಿಗೆ ಹೊರಗಿನಿಂದ ಡ್ರೈವನ್ನು ಸಿಕ್ಕಿಸಿ ತಟ್ಟೆಯನ್ನಿಟ್ಟನು. ಮಂಟಪವು ಕಾಣಿಸಿತು! ವರಪೂಜೆ, ಧಾರೆ, ಗತಿಸಿದ ನಮ್ಮ ಭಾವನವರು ಪಂಚೆಯನ್ನೆತ್ತಿ ಕಟ್ಟಿ ಓಡಾಡುತ್ತಿರುವುದು, ಎಲ್ಲವೂ ನಿರ್ಮಲವಾಗಿ ಬಂದುವು. ನಮ್ಮ ಗೃಹಿಣಿಯು ಒಲೆಯ ಮೇಲಿನ ಸಾರನ್ನು ಮರೆತು ನಿಂತಿದ್ದಳು. ಸಂಜೆಯ ಹಸೆಯು ಸಮೀಪಿಸಿ, ಜಮಖಾನ ಹಾಸಿ, ಮಾತೃಶ್ರೀಯವರು ಮುಂದಕ್ಕೆ ಬಂದು ಗಂಟಲನ್ನು ಸರಿಮಾಡಿಕೊಂಡರು. ಅಲ್ಲಿಗೆ ಚಿತ್ರವು ಚೌಕ ಚೌಕವಾಗಿ ಒಡೆದು ನಿಂತುಬಿಟ್ಟಿತು.

ಕಾರಣವನ್ನು ಅವನು ಕಾಗದವನ್ನು ಬೆರಳಿಂದ ಸವರಿ ತೋರಿಸಿದನು. ತೇವಕ್ಕೆ ಅದು ಒಂದು ಪಕ್ಕದಲ್ಲಿ ಉಬ್ಬಿ, ತಟ್ಟೆಯನ್ನು ಕಂಡೂ ಕಾಣದಷ್ಟು ಬಾಗಿಸಿತ್ತು. ತಿರುಗುವಾಗ ಆ ಬಾಗು ಹೆಚ್ಚಾಗಿ ತಾಕುವುದು ಅಂಚಿನಲ್ಲಿ. ಬರಹದ ಕೊನೆಯ ಭಾಗವಿರುವುದೂ ಅಂಚಿನಲ್ಲಿಯೇ. ತಮ್ಮನು ತಟ್ಟೆಯನ್ನು ೪.೭ ಗಿಗಾಬೈಟು ಪೂರ್ತಿ ಅಂಚಿನವರೆಗೂ ತುಂಬಿಸಿದ್ದನು. ಕಾಗದವನ್ನು ಕೀಳೋಣವೆಂದು ನಾವು ಆತುರಪಟ್ಟೆವು. ಕಿತ್ತರೆ ಅಂಟಿಸಿದ ಪದರಗಳಿಗೆ ಪೆಟ್ಟಾದೀತೆಂದು ಹುಡುಗನು ಬೇಡವೆಂದನು. ಶೋಭೆಗೆಂದು ಅಂಟಿಸಿದ ಚಿತ್ರವನ್ನು ಕುರಿತು ಆ ರಾತ್ರಿ ತಮ್ಮನಿಗೆ ಫೋನಿನಲ್ಲಿ ನಾಲ್ಕು ಮಾತನಾಡಿದೆವು. ಅವನು, "ಅಣ್ಣಾ, ಆಗ ನೀನೇ ಅಲ್ಲವೆ, ಚೆನ್ನಾಗಿದೆ ಎಂದದ್ದು?" ಎಂದನು. ಇರಬಹುದು.

ಹಾಳಾದ ತಟ್ಟೆಗಳನ್ನು ಓದಲೆಂದೇ ಒಂದು ಉಚಿತ ತಂತ್ರಾಂಶವುಂಟಂತೆ, ಹೆಸರು ಡಿಡಿರೆಸ್ಕ್ಯೂ. ಅದರ ರೀತಿಯು ಒಳ್ಳೆಯ ವಿದ್ಯಾರ್ಥಿಯ ರೀತಿ: ತಿಳಿಯುವುದನ್ನೆಲ್ಲ ಮೊದಲು ಓದಿಕೊಂಡು, ತೊಡಕಿನ ಸ್ಥಳಗಳನ್ನು ಗುರುತು ಮಾಡಿ ದಾಟಿ, ಆಮೇಲೆ ಅಲ್ಲಿಗೆ ಮರಳಿ ಚೂರು ಚೂರಾಗಿ ಮತ್ತೆ ಮತ್ತೆ ಪ್ರಯತ್ನಿಸುವುದು. ರಾತ್ರಿಯೆಲ್ಲ ಅದು ನಡೆಯಿತು. ಡ್ರೈವು ಆಗಾಗ ಗೊರಗುಟ್ಟುವುದು, ನಿಲ್ಲುವುದು, ಮತ್ತೆ ತೊಡಗುವುದು. ನಾವು ನಿದ್ರಿಸಲಿಲ್ಲವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಮೂರು ಸಲ ಎದ್ದು ನೋಡಿದೆವು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಪ್ರತಿಯು ಸಿದ್ಧವಾಗಿತ್ತು. ಎಲ್ಲರೂ ಕುಳಿತೆವು. ಹನ್ನೆರಡು ವರ್ಷಗಳ ಮೇಲೆ ಆ ಕಂಠವು ಮನೆಯಲ್ಲಿ ಕೇಳಿಬಂದಿತು, ಮೇಲಿನ ಸ್ಥಾಯಿಯಲ್ಲಿ ತುಸು ನಡುಗುವ ಅದೇ ಕಂಠ. ಪಲ್ಲವಿಯೂ ಎರಡು ನುಡಿಗಳೂ ಕೊರತೆಯಿಲ್ಲದೆ ಬಂದುವು. ಮೂರನೆಯ ನುಡಿಯ ಎರಡನೆಯ ಸಾಲಿನಲ್ಲಿ ಚಿತ್ರವು ಒಡೆದು ಧ್ವನಿಯು ಅಡಗಿತು. ಎಷ್ಟು ಸಲ ಓದಿಸಿದರೂ ಅಷ್ಟು ಮಾತ್ರ ಬರಲೇ ಇಲ್ಲ. ಕಿರಿಯವಳು ಅಜ್ಜಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಎರಡನೆಯ ಸಲ ಹಾಕಿದಾಗ, ಆ ಸಾಲಿನಲ್ಲಿ ಧ್ವನಿಯು ಅಡಗುತ್ತಲೇ, ಹಿಂದಿನ ನುಡಿಯ ಧಾಟಿಯನ್ನೇ ಹಿಡಿದು ತಾನೇ ಹಾಡಿ ದಾಟಿಸಿದಳು.

ಪ್ರತಿಗಳು ಈಗ ಮೂರಾಗಿವೆ: ಒಂದು ನಮ್ಮಲ್ಲಿ, ಒಂದು ಅಕ್ಕನ ಮನೆಯಲ್ಲಿ, ಒಂದು ಹುಡುಗನ ಬಳಿ. ಯಾವುದಕ್ಕೂ ಕಾಗದವನ್ನು ಅಂಟಿಸಿಲ್ಲ. ಹಾಡು ಮುಗಿದ ಮೇಲೆ ಮಾತೃಶ್ರೀಯವರು ಕ್ಯಾಮೆರಾದ ಕಡೆಗೆ ತಿರುಗಿ, "ಸಾಕು, ನಿಲ್ಲಿಸೋ, ಎಲ್ಲರ ಊಟವಾಯಿತೇ ನೋಡು" ಎನ್ನುವುದೂ ಉಳಿದುಕೊಂಡಿದೆ. ಅದನ್ನು ಕತ್ತರಿಸಲೇ ಎಂದು ಹುಡುಗನು ಕೇಳಿದನು. ಬೇಡವೆಂದೆವು.